ಎರಡು ಜೊತೆ ಬ್ರೇಕ್ ಪ್ಯಾಡ್

ಬೇಕರಿಯವಳು ಎರಡನೇ ಸಲವೂ ಗೆರೆ ದಾಟಿ ನಿಂತಳು.

ನಾನು ಪರೀಕ್ಷೆ ಮೈದಾನದ ಬೇಲಿ ಹಿಡಿದುಕೊಂಡು ನೋಡುತ್ತಿದ್ದೆ. ಕಾರು ನನ್ನದು, ಅದರ ತಲೆಯ ಮೇಲಿನ ಡ್ರೈವಿಂಗ್ ಶಾಲೆಯ ಬೋರ್ಡು ನನ್ನದು, ಅವಳಿಗೆ ಕಲಿಸಿದವಳೂ ನಾನೇ. ಪರೀಕ್ಷೆಯ ದಿನ ಮಾತ್ರ ನನ್ನ ಸೀಟಿನಲ್ಲಿ ಇನ್‌ಸ್ಪೆಕ್ಟರು ಕೂರುತ್ತಾರೆ. ಆ ಸೀಟಿನ ಮುಂದೆ ಕಲಿಸುವವರಿಗೆಂದೇ ಇನ್ನೊಂದು ಬ್ರೇಕ್ ಪೆಡಲ್ ಇದೆ. ಅವರು ಅದನ್ನು ಮುಟ್ಟುವುದಿಲ್ಲ. ಮುಟ್ಟಬೇಕಾಗಿ ಬಂದರೆ ಕಲಿಯುವವರು ಫೇಲು ಎಂದೇ ಅರ್ಥ. ಬೇಕರಿಯವಳು ಎಂಟರ ಆಕಾರದಲ್ಲಿ ಚೆನ್ನಾಗಿ ತಿರುಗಿಸಿದಳು, ಕಂಬಗಳ ನಡುವೆ ನೀಟಾಗಿ ಹಿಂದಕ್ಕೆ ತಂದಳು. ಕೊನೆಗೆ ಬಿಳಿ ಗೆರೆಯ ಈಚೆ ನಿಲ್ಲಿಸುವುದೊಂದು ಬಾಕಿ. ಕಾರಿನ ಮೂತಿ ಗೆರೆ ದಾಟಿತು, ಮುಂದಿನ ಚಕ್ರವೂ ದಾಟಿತು, ಆಮೇಲೆ ನಿಂತಿತು. ಇನ್‌ಸ್ಪೆಕ್ಟರು ಹಾಳೆಯ ಮೇಲೆ ಅಡ್ಡಗೀಟು ಎಳೆದದ್ದು ಬೇಲಿಯ ಹತ್ತಿರದಿಂದಲೇ ಕಾಣಿಸಿತು.

"ಪೆಡಲ್ ಮೇಲಿತ್ತು ಟೀಚರ್," ಎಂದಳು ಇಳಿದು ಬಂದು. ಅಳಲಿಲ್ಲ, ಮುಖ ಮಾತ್ರ ಬಿಗಿದುಕೊಂಡಿತ್ತು. "ದಿನಾ ಇರೋ ಹಾಗೆ ಇರ್ಲಿಲ್ಲ. ಎತ್ತರಕ್ಕೆ, ಗಟ್ಟಿಯಾಗಿ. ಹೋದ ಸಲಾನೂ ಹೀಗೇ ಆಯ್ತು."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮುಖಕ್ಕೆ ಹೇಳಿ ಕಳಿಸುತ್ತಿದ್ದೆ. ಇಪ್ಪತ್ತೆರಡು ವರ್ಷದಿಂದ ಕಲಿಸುತ್ತಿದ್ದೇನೆ, ಈ ಗಾದೆಯನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಲಿಯುವವರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಬ್ರೇಕಮ್ಮ ಎಂದು ಹೆಸರಿಟ್ಟಿರುವುದೂ ಗೊತ್ತು. ಆದರೆ ಬೇಕರಿಯವಳು ನೆಪ ಹೇಳುವವಳಲ್ಲ. ಹಾಗಾಗಿ ಅವಳ ಮಾತನ್ನು ನಂಬಿದೆ, ನಂಬಿ ತಪ್ಪು ಬಾಗಿಲು ತಟ್ಟಿದೆ.

ಅವಳಿಗೆ ಈ ಲೈಸೆನ್ಸು ಶೋಕಿಗೆ ಬೇಕಾದದ್ದಲ್ಲ. ಗಂಡ ಹೆಂಡತಿ ಇಬ್ಬರೇ ಸೇರಿ ಬೇಕರಿ ನಡೆಸುತ್ತಾರೆ. ಅವನು ಬೇಯಿಸಿದ ಬ್ರೆಡ್ಡನ್ನು ತಾನೇ ವ್ಯಾನಿನಲ್ಲಿ ತುಂಬಿಕೊಂಡು ಬೆಳಿಗ್ಗೆ ಆರಕ್ಕೆ ಮುಂಚೆ ಎರಡು ಆಸ್ಪತ್ರೆ, ಒಂದು ಹಾಸ್ಟೆಲಿಗೆ ಮುಟ್ಟಿಸುತ್ತಿದ್ದ. ಕಳೆದ ವರ್ಷದಿಂದ ಅವನ ಕಣ್ಣು ಅಂಚುಗಳಿಂದ ಮಂಜಾಗುತ್ತ ಬಂತು. ಎದುರಿಗಿರುವುದು ಕಾಣುತ್ತದೆ, ಪಕ್ಕದಿಂದ ಬರುವುದು ಕಾಣುವುದಿಲ್ಲ. ಇನ್ನು ಸ್ಟೀರಿಂಗ್ ಮುಟ್ಟಬೇಡ ಎಂದು ಡಾಕ್ಟರು ಹೇಳಿಬಿಟ್ಟರು. ಸದ್ಯಕ್ಕೆ ಅವಳ ತಮ್ಮ ರಜೆ ಹಾಕಿ ಬಂದು ವ್ಯಾನ್ ಓಡಿಸುತ್ತಿದ್ದ, ತಿಂಗಳ ಕೊನೆಗೆ ಅವನು ತನ್ನ ಕೆಲಸಕ್ಕೆ ಹೋಗಲೇಬೇಕು. ಪರೀಕ್ಷೆಗೆ ಮೂರು ಅವಕಾಶ. ಮೂರನೆಯದರಲ್ಲೂ ಬಿದ್ದರೆ ಆರು ತಿಂಗಳು ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ಬ್ರೆಡ್ಡಿಗೆ ಆರು ತಿಂಗಳು ಕಾಯುವ ಆಸ್ಪತ್ರೆ ಯಾವುದೂ ಇಲ್ಲ.

"ಮೂರನೇದರಲ್ಲಿ ನೀವು ಪಾಸಾಗ್ತೀರಿ," ಎಂದೆ. "ತಪ್ಪು ನಿಮ್ಮದಲ್ಲ. ಪ್ಯಾಡಿನದು."

ಪ್ಯಾಡ್ ಎಂದರೆ ಚಕ್ರದ ಒಳಗಿನ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಬಿಲ್ಲೆಗಳು. ಕಾರು ನಿಲ್ಲುವುದು ಅವುಗಳಿಂದ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಅವು ಬೇಗ ಸವೆಯುತ್ತವೆ. ಎರಡು ತಿಂಗಳ ಹಿಂದೆ ಹಳೆಯವು ಸವೆದಾಗ ಕಾರು ಕಂಪನಿಯ ಅಸಲಿ ಪ್ಯಾಡ್ ಅಂಗಡಿಯಲ್ಲಿ ಇರಲಿಲ್ಲ, ತರಿಸಲು ಹತ್ತು ದಿನ ಎಂದರು. ನಾನು ಹತ್ತು ದಿನ ಕಾರು ನಿಲ್ಲಿಸುವವಳಲ್ಲ. ಬೇರೆ ಕಂಪನಿಯವು ಹಾಕಿಸಿಕೊಂಡೆ, ಅದೂ ಬೇರೆ ಗ್ಯಾರೇಜಿನಲ್ಲಿ, ಕದ್ದು. ಕದ್ದು ಯಾಕೆಂದರೆ ನನ್ನ ಅಣ್ಣ ಮೆಕ್ಯಾನಿಕ್ಕು. ಅವನ ಶೆಡ್ಡಿನೊಳಕ್ಕೆ ಅಸಲಿ ಅಲ್ಲದ ಒಂದು ವಾಷರು ಬಂದರೂ ಅವನಿಗೆ ಮೈಲಿಗೆ.

ಅವನ ಶೆಡ್ಡಿನಲ್ಲಿ ಒಂದು ಗೋಡೆ ಇದೆ. ಕೆಟ್ಟ ಬಿಡಿಭಾಗಗಳನ್ನೆಲ್ಲ ಅಲ್ಲಿ ಮೊಳೆಗೆ ನೇತುಹಾಕಿ, ಕೆಳಗೆ ರಟ್ಟಿನ ಚೀಟಿ ಅಂಟಿಸುತ್ತಾನೆ. 'ಇದು ತಿಂದದ್ದು: ಒಂದು ಎಂಜಿನ್.' 'ಇದು ತಿಂದದ್ದು: ಒಂದು ಗೇರ್‌ಬಾಕ್ಸ್, ಒಂದು ಮದುವೆಯ ದಿಬ್ಬಣ.' ಗಿರಾಕಿಗಳು ಕಾಯುವ ಬೆಂಚನ್ನು ಆ ಗೋಡೆಗೆ ಎದುರಾಗಿಯೇ ಹಾಕಿದ್ದಾನೆ, ಓದಲಿ ಎಂದು. ನಾನು ಆ ಬೆಂಚಿನ ಮೇಲೆ ಕೂತು, ಪ್ಯಾಡನ್ನು ಕದ್ದು ಹಾಕಿಸಿದ ವಿಷಯ ಬಾಯಿಬಿಟ್ಟೆ. ಅವನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಚಕ್ರ ಬಿಚ್ಚಿ, ಪ್ಯಾಡ್ ತೆಗೆದು, ನನ್ನ ಮಡಿಲಲ್ಲಿ ಇಟ್ಟ.

"ಮುಖ ನೋಡ್ಕೋ," ಎಂದ.

ಪ್ಯಾಡಿನ ಮೈ ತರಿತರಿಯಾಗಿ, ಮಂಕಾಗಿ ಇರಬೇಕು. ಇದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅತಿಯಾಗಿ ಕಾದು ಮೈ ಗಾಜುಗಟ್ಟಿದೆ, ಇನ್ನು ಹಿಡಿಯುವುದಿಲ್ಲ, ಜಾರುತ್ತದೆ ಎಂದು ವಿವರಿಸಿದ. ಆಮೇಲೆ ಅವನ್ನು ತಂತಿಗೆ ಪೋಣಿಸಿ ಗೋಡೆಗೆ ಹಾಕಿ, ಚೀಟಿ ಬರೆದ: 'ಇದು ತಿಂದದ್ದು: ಬೇಕರಿಯವರ ಎರಡು ಪರೀಕ್ಷೆ.' ನನ್ನ ಹೆಸರು ಬರೆಯದೆ ಬಿಟ್ಟದ್ದು ಒಡಹುಟ್ಟಿದ ಪ್ರೀತಿ.

ಅಸಲಿ ಪ್ಯಾಡ್ ತರಿಸಿದ್ದು ಬಿಡಿಭಾಗದ ಅಂಗಡಿಯವನಿಂದ. ಅವನನ್ನು ನಾವು ಡಬ್ಬಿ ಎನ್ನುತ್ತೇವೆ. ಏನು ಕೇಳಿದರೂ ಎರಡು ಡಬ್ಬಿ ಮುಂದಿಡುವುದು ಅವನ ಅಭ್ಯಾಸ. "ಅಕ್ಕಾ, ಒಳಗಿರೋದು ಹೆಚ್ಚು ಕಡಿಮೆ ಒಂದೇ. ಇದು ಕಂಪನಿ ಡಬ್ಬಿ, ಇದು ಬರೀ ಡಬ್ಬಿ," ಎಂದು ನಗುತ್ತಾನೆ. ಅಣ್ಣನಿಗೂ ಅವನಿಗೂ ಹದಿನೈದು ವರ್ಷದಿಂದ ಮಾತಿಲ್ಲ. ಸಾಮಾನು ಮಾತ್ರ ಹೋಗಿ ಬರುತ್ತಿರುತ್ತದೆ, ಅದನ್ನು ಸಾಗಿಸುವವಳು ನಾನು.

ಹೊಸ ಪ್ಯಾಡನ್ನು ಹಾಕಿದ ಕೂಡಲೇ ಓಡಿಸುವ ಹಾಗಿಲ್ಲ, ಪಳಗಿಸಬೇಕು. ಮೂವತ್ತು ಸಲ ಮೆಲ್ಲಗೆ ವೇಗ ಇಳಿಸಿ, ನಡುನಡುವೆ ಆರಲು ಬಿಟ್ಟು, ತಟ್ಟೆಗೂ ಬಿಲ್ಲೆಗೂ ಹೊಂದಿಕೆಯಾಗುವಂತೆ ಮಾಡಬೇಕು. ಅದನ್ನು ನಾನೇ ಚಾಲಕರ ಸೀಟಿನಲ್ಲಿ ಕೂತು ಮಾಡಿದೆ. ಒಂದೂ ಬಿಡದೆ ಮೂವತ್ತು. ಕಾರು ಹೇಳಿದಲ್ಲಿ ನಿಲ್ಲುತ್ತಿತ್ತು. ಈ ಸಲ ಅವಳನ್ನು ಪಾಸು ಮಾಡಿಸಿಯೇ ತೀರುತ್ತೇನೆ ಎಂದು ಪಣ ತೊಟ್ಟೆ.

ನಾವು ಅಭ್ಯಾಸ ಮಾಡುವುದು ಮುಚ್ಚಿಹೋದ ಒಂದು ಗೋದಾಮಿನ ಅಂಗಳದಲ್ಲಿ. ಸಿಮೆಂಟು ನೆಲ, ಸುತ್ತ ಗಿಡ್ಡ ಗೋಡೆ, ಜನ ಬರುವುದಿಲ್ಲ. ಸೀಮೆಸುಣ್ಣದಿಂದ ಗೆರೆ ಎಳೆದು ದಿನಕ್ಕೆ ಎರಡು ಹೊತ್ತು ಅವಳಿಂದ ಮಾಡಿಸಿದೆ. ಅವಳ ಗಂಡ ಗೋಡೆಯ ಮೇಲೆ ಕೂತು ನೋಡುತ್ತಿದ್ದ. ನಿಲ್ಲಿಸು ಎಂದರೆ ಗೆರೆಯಿಂದ ಒಂದು ಗೇಣು ಈಚೆ ನಿಲ್ಲಿಸುತ್ತಿದ್ದಳು, ಪ್ರತಿ ಸಲವೂ. ನನಗೆ ಒಳಗೊಳಗೇ ಹಿಗ್ಗು. ಅಸಲಿ ಅಸಲಿಯೇ, ಅಣ್ಣ ಹೇಳಿದ್ದು ನಿಜ ಎಂದುಕೊಂಡೆ.

ಹನ್ನೆರಡನೆಯ ದಿನ, ಸೋಮವಾರ ಸಂಜೆ, ಸುಟ್ಟ ವಾಸನೆ ಬಂತು. ಪರೀಕ್ಷೆ ಶನಿವಾರ. ಅವರಿಬ್ಬರನ್ನೂ ಕೂರಿಸಿಕೊಂಡು ನೇರ ಅಣ್ಣನ ಶೆಡ್ಡಿಗೆ ಹೋದೆ.

ಅವನು ಚಕ್ರ ಬಿಚ್ಚಿ ಪ್ಯಾಡ್ ಕೈಗೆತ್ತಿಕೊಂಡು ತಿರುವಿ ನೋಡಿದ. ಅವೂ ಹೊಳೆಯುತ್ತಿದ್ದವು. ಹಿಂದಿನವುಗಳಷ್ಟಲ್ಲ, ಆದರೆ ಅದೇ ಹೊಳಪು. ತಿಪ್ಪೆಗೆ ಹಾಕಿದ್ದ ಪ್ಯಾಡಿನ ಖಾಲಿ ಡಬ್ಬಿಯನ್ನು ಹುಡುಕಿ ತಂದು ಬೆಳಕಿಗೆ ಹಿಡಿದ, ಅಕ್ಷರ ಅಕ್ಷರ ಓದಿದ, ಉಗುರಿನಿಂದ ಮುದ್ರೆ ಕೆರೆದ.

"ನಕಲಿ," ಎಂದ ಕೊನೆಗೆ. "ಆ ಡಬ್ಬಿ ನನ್ಮಗ ಅಸಲಿ ಡಬ್ಬೀಲಿ ನಕಲಿ ತುಂಬಿ ಕೊಟ್ಟಿದಾನೆ. ನಾಳೆ ಹೋಗಿ ಅವನ ಕೊರಳಪಟ್ಟಿ ಹಿಡೀದಿದ್ರೆ ಕೇಳು."

ಹದಿನೈದು ವರ್ಷ ಕಾದಿದ್ದ ಜಗಳಕ್ಕೆ ಕೊನೆಗೂ ಕಾರಣ ಸಿಕ್ಕಿತು ಎಂದು ಅವನ ಮುಖ ಅರಳಿತ್ತು. ಆಗ ಬೆಂಚಿನ ಮೇಲೆ ಕೂತಿದ್ದ ಬೇಕರಿಯವಳ ಗಂಡ ಮೆಲ್ಲಗೆ ಬಾಯಿ ತೆರೆದ.

"ನನಗೆ ಕಾಣೋದೇ ಅರ್ಧ," ಎಂದ. "ತಪ್ಪು ತಿಳೀಬೇಡಿ. ಆದ್ರೆ ಕಾರಿನ ಹಿಂದಿನ ಕೆಂಪು ದೀಪ ಇದೆಯಲ್ಲ, ಬ್ರೇಕ್ ಹಾಕಿದಾಗ ಹತ್ತೋದು. ಇವಳು ಓಡಿಸೋವಾಗ ಅದು ಆರಿದ್ದೇ ನಾನು ನೋಡಿಲ್ಲ. ಮುಂದೆ ಹೋಗೋವಾಗ್ಲೂ ಉರೀತಿರುತ್ತೆ."

"ಸ್ವಿಚ್ ಕೆಟ್ಟಿರುತ್ತೆ," ಎಂದ ಅಣ್ಣ. "ಹೋದ ವರ್ಷಾನೂ ಇದೇ ದೂರು ಬಂದಿತ್ತು, ಹೊಸದು ಹಾಕಿದ್ದೆ." ಬಗ್ಗಿ ಕೈಯಿಂದ ಪೆಡಲ್ ಒತ್ತಿದ. ದೀಪ ಹತ್ತಿತು. ಬಿಟ್ಟ. ಆರಿತು. ಮತ್ತೆ ಒತ್ತಿದ, ಬಿಟ್ಟ. ಸ್ವಿಚ್ ಸರಿಯಾಗಿಯೇ ಇತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಬಲಗಾಲಿನ ಶೂ ನೋಡಿಕೊಂಡೆ.

ಯಾರೂ ಗಮನಿಸಲಿಲ್ಲ. ಅಣ್ಣ ಮೂವರ ಮುಖವನ್ನೂ ನೋಡಿ, ದೀಪದ ಮಾತು ಬಿಟ್ಟು ಮತ್ತೆ ನಕಲಿಗೆ ಬಂದ. ಬೇಕರಿಯವಳು ನನ್ನನ್ನೇ ನೋಡುತ್ತಿದ್ದಳು. "ಹೌದಾ ಟೀಚರ್, ನಕಲೀನಾ?" ಎಂದಳು. ನಾಳೆ ಹೇಳುತ್ತೇನೆ ಎಂದು ಕಾರು ಹತ್ತಿದೆ. ಅಣ್ಣ ಬಿಚ್ಚಿದ ಪ್ಯಾಡನ್ನೇ ತಾತ್ಕಾಲಿಕವಾಗಿ ಮತ್ತೆ ಕೂರಿಸಿ, ಹುಷಾರು, ಮೆಲ್ಲಗೆ ಹೋಗು ಎಂದ.

ಮನೆಗೆ ಬಂದು ಎರಡೂ ಶೂಗಳನ್ನು ತಿರುವಿ ಹಾಕಿ ನೋಡಿದೆ. ಎಡಗಾಲಿನ ಅಟ್ಟೆ ಹೊಸದರಂತಿತ್ತು. ಬಲಗಾಲಿನದು ಬೆರಳುಗಳ ಬುಡದಲ್ಲಿ ಕಾಗದದಷ್ಟು ತೆಳುವಾಗಿತ್ತು, ಅಡ್ಡಕ್ಕೆ ಪೆಡಲಿನ ಗೀರುಗಳು. ಚಮ್ಮಾರ ವರ್ಷಕ್ಕೆ ಮೂರು ಸಲ ಬಲಗಾಲಿಗೆ ಮಾತ್ರ ಅಟ್ಟೆ ಹಾಕಿಕೊಡುತ್ತಾನೆ. "ಇವಳಿಗೆ ಎರಡೂ ಬಲಗಾಲಿನವೇ ಕೊಡಿ," ಎಂದು ನನ್ನ ಗಂಡ ಅಂಗಡಿಯಲ್ಲಿ ತಮಾಷೆ ಮಾಡುತ್ತಾರೆ. ಎಲ್ಲರೂ ನಗುತ್ತೇವೆ. ಯಾಕೆ ಹೀಗೆ ಎಂದು ಒಬ್ಬರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಹನ್ನೊಂದು ವರ್ಷದ ಹಿಂದೆ ಒಬ್ಬ ಕಲಿಯುವವನು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದಿದ್ದ. ಎದುರಿಗೆ ಒಬ್ಬ ಮುದುಕರು ರಸ್ತೆ ದಾಟುತ್ತಿದ್ದರು. ನಾನು ನನ್ನ ಪೆಡಲನ್ನು ಒತ್ತಿದಾಗ ಕಾರು ಅವರ ಪಂಚೆಯ ಅಂಚಿಗೆ ತಾಗಿ ನಿಂತಿತು. ಅವರು ನಕ್ಕು, ಕೈ ಎತ್ತಿ, ಹೊರಟುಹೋದರು. ಅವತ್ತಿನಿಂದ ನನ್ನ ಕಾಲು ಪೆಡಲಿನ ಮೇಲಿನಿಂದ ಇಳಿದಿಲ್ಲ. ಪೂರ್ತಿ ಒತ್ತುವುದಿಲ್ಲ, ಬರೀ ಇಟ್ಟುಕೊಂಡಿರುತ್ತೇನೆ ಎಂದು ಭಾವಿಸಿದ್ದೆ. ಇಟ್ಟುಕೊಂಡ ಕಾಲಿಗೂ ತೂಕ ಇರುತ್ತದೆ. ನನ್ನ ಪೆಡಲ್ ಒಂದಿಷ್ಟು ತಗ್ಗಿದರೆ ಅವರದೂ ತಗ್ಗುತ್ತದೆ, ಎರಡಕ್ಕೂ ಒಂದೇ ಸರಳು. ಪ್ಯಾಡ್ ಇಡೀ ದಿನ ತಟ್ಟೆಗೆ ಉಜ್ಜಿಕೊಂಡು ಕಾಯುತ್ತದೆ. ಕಲಿಯುವವರು ಒತ್ತುವಷ್ಟರಲ್ಲಿ ಅರ್ಧ ಬ್ರೇಕನ್ನು ನಾನೇ ಹಾಕಿರುತ್ತೇನೆ. ಮಿಕ್ಕರ್ಧ ಅವರು ಹಾಕಿ, ತಾವೇ ನಿಲ್ಲಿಸಿದೆವು ಎಂದುಕೊಳ್ಳುತ್ತಾರೆ. ಪರೀಕ್ಷೆಯ ದಿನ ನನ್ನ ಕಾಲು ಬೇಲಿಯ ಆಚೆ ಇರುತ್ತದೆ.

ಎರಡು ಸಲವೂ ಪೆಡಲ್ ಮೇಲಿತ್ತು ಟೀಚರ್ ಎಂದು ಅವಳು ಹೇಳಿದ್ದಳು. ಪರೀಕ್ಷೆಯ ದಿನ ಪೆಡಲ್ ಇರಬೇಕಾದಲ್ಲಿಯೇ ಇತ್ತು.

ಹಿಂದೆ ಫೇಲಾದವರನ್ನೆಲ್ಲ ನೆನಪಿಸಿಕೊಂಡೆ. ಚುರುಕಾದ ಎಳೆಯರು ಹೇಗೋ ಆ ಕ್ಷಣಕ್ಕೆ ಹೊಂದಿಸಿಕೊಂಡು ದಾಟಿಬಿಡುತ್ತಿದ್ದರು. ಬಿದ್ದವರು ಬಿದ್ದದ್ದು ಆ ಬಿಳಿ ಗೆರೆಯಲ್ಲೇ. ಅವರಿಗೆಲ್ಲ ನಾನು ನೆಲ ಡೊಂಕಿನ ಗಾದೆ ಹೇಳಿ ಕಳಿಸಿದ್ದೆ. ನಾಚಿಕೆಯಿಂದ ಕಿವಿ ಸುಟ್ಟಿತು.

ಅಣ್ಣ ಒಂದು ಬಾಗಿಲು ತೆರೆದೇ ಇಟ್ಟಿದ್ದ. ನಕಲಿ ಎಂದರೆ ಮುಗಿಯಿತು. ಡಬ್ಬಿ ಬೈಸಿಕೊಳ್ಳುತ್ತಾನೆ, ನನ್ನ ಶಾಲೆಯ ಹೆಸರು ಉಳಿಯುತ್ತದೆ, ನಾನು ಸದ್ದಿಲ್ಲದೆ ಕಾಲು ಹಿಂದಕ್ಕೆ ತೆಗೆದುಕೊಂಡು ಉಳಿದ ದಿನ ಕಲಿಸಬಹುದು. ಈ ಯೋಚನೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂತು, ಊಟ ಮುಗಿಯುವ ತನಕ ಇತ್ತು. ಆದರೆ ಹೇಳದೆ ಕಾಲು ತೆಗೆದರೆ ಪೆಡಲ್ ಒಮ್ಮೆಗೇ ಎತ್ತರವಾಗುತ್ತದೆ, ಅವಳು ಮತ್ತೆ ತನ್ನ ಕಾಲನ್ನೇ ಬೈದುಕೊಳ್ಳುತ್ತಾಳೆ. ಅಭ್ಯಾಸದಲ್ಲಿ ತಾನು ಒಮ್ಮೆಯೂ ಒಬ್ಬಳೇ ಬ್ರೇಕ್ ಹಾಕಿಲ್ಲ ಎಂದು ಗೊತ್ತಾಗದೆ ಅವಳು ಕಲಿಯಲಾರಳು. ಹೇಳಲೇಬೇಕಿತ್ತು.

ಬೆಳಿಗ್ಗೆ ನಡೆದುಕೊಂಡೇ ಬೇಕರಿಗೆ ಹೋದೆ. ಅವಳು ಒಳಗಡೆ ಮರದ ಮೇಜಿನ ಮೇಲೆ ಹಿಟ್ಟು ನಾದುತ್ತಿದ್ದಳು, ಮೊಣಕೈವರೆಗೆ ಬೆಳ್ಳಗೆ. ಗಂಡ ತಟ್ಟೆಗಳಿಗೆ ಎಣ್ಣೆ ಸವರುತ್ತಿದ್ದ.

"ಪ್ಯಾಡ್ ನಕಲಿ ಅಲ್ಲ," ಎಂದೆ. "ಹಿಂದಿನದೂ ಕೆಟ್ಟದ್ದಲ್ಲ. ಎರಡನ್ನೂ ಸುಟ್ಟಿದ್ದು ನನ್ನ ಕಾಲು." ಎಲ್ಲವನ್ನೂ ಹೇಳಿದೆ. ಶೂ ಎತ್ತಿ ಅಟ್ಟೆ ತೋರಿಸಿದೆ. "ನಿಮ್ಮ ಎರಡು ಪರೀಕ್ಷೆ ಹಾಳಾಗಿದ್ದು ನನ್ನಿಂದ."

ಅವಳ ಕೈ ಹಿಟ್ಟಿನೊಳಗೇ ನಿಂತಿತು.

"ಎರಡು ಸಲ ಮನೆಗೆ ಬಂದು ನನ್ನ ಕಾಲನ್ನೇ ಬೈಕೊಂಡೆ," ಎಂದಳು. ದನಿ ಏರಿಸಲಿಲ್ಲ. "ಇವರಿಗೆ ಹೇಳಿದೆ, ನನ್ನ ಕೈಲಿ ಆಗಲ್ಲ, ವ್ಯಾನ್ ಮಾರಿಬಿಡೋಣ ಅಂತ. ಗಿರಾಕಿ ಕೂಡ ಬಂದು ನೋಡ್ಕೊಂಡು ಹೋದ."

ನಾನು ಎತ್ತಿದ ಶೂ ಕೆಳಗಿಟ್ಟೆ.

"ಬೇರೆ ಶಾಲೆಗೆ ಹೋಗ್ತೀನಿ ಅಂದ್ರೂ ತಪ್ಪಿಲ್ಲ," ಎಂದೆ. "ನಾನೇ ಮಾತಾಡಿ ಸೇರಿಸ್ತೀನಿ."

"ನಾಲ್ಕು ದಿನಕ್ಕೆ ಬೇರೆ ಶಾಲೆ ಎಲ್ಲಿಂದ ತರೋದು?" ಮತ್ತೆ ನಾದಲು ಶುರುಮಾಡಿದಳು, ಮೊದಲಿಗಿಂತ ಜೋರಾಗಿ. ನಾಲ್ಕೈದು ಸಲ ಹಿಟ್ಟನ್ನು ಮಗುಚಿ ಕುಟ್ಟಿದ ಮೇಲೆ ತಲೆ ಎತ್ತಿದಳು. "ನಾಳೆಯಿಂದ ನೀವು ಕಾಲು ಮೇಲಿಟ್ಕೊಂಡು ಕೂರಬೇಕು. ಸೀಟಿನ ಮೇಲೆ, ಚಕ್ಕಳಮಕ್ಕಳ ಹಾಕಿ. ನನಗೆ ಕಾಣಬೇಕು, ಎರಡೂ ಕಾಲು."

ಅವಳ ಗಂಡ ಫಕ್ಕನೆ ನಕ್ಕುಬಿಟ್ಟ. ಅವಳು ನಗಲಿಲ್ಲ. ನಾನು ಒಪ್ಪಿದೆ.

ಇನ್ನು ಪ್ಯಾಡಿನ ಪ್ರಶ್ನೆ. ಗಾಜುಗಟ್ಟಿದ್ದನ್ನು ನಂಬಿ ಹೊಸದಾಗಿ ಕಲಿಸುವ ಹಾಗಿರಲಿಲ್ಲ. ಡಬ್ಬಿಯ ಹತ್ತಿರ ಹೋದರೆ ಅಸಲಿಗೆ ಮತ್ತೆ ಹತ್ತು ದಿನ ಎಂದ. ಬೇರೆ ಕಂಪನಿಯದು ಅಂಗಡಿಯಲ್ಲೇ ಇತ್ತು, ಹಿಂದೆ ನಾನು ಹಾಕಿಸಿದ್ದ ಕಂಪನಿಯದೇ, ಹೊಸ ಜೊತೆ. ಅದನ್ನು ತೆಗೆದುಕೊಂಡು ಅಣ್ಣನ ಮುಂದಿಟ್ಟೆ.

"ಇದನ್ನ ನಾನು ಮುಟ್ಟಲ್ಲ," ಎಂದ.

"ನೀನು ಮುಟ್ಟಿದ ಅಸಲೀನೂ ಹನ್ನೆರಡು ದಿನಕ್ಕೆ ಸುಟ್ಟಿದೀನಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು ನಮ್ಮ ಕಥೆ. ಜ್ವರ ನನ್ನ ಕಾಲಿಗೆ ಬಂದಿತ್ತು ಅಣ್ಣಾ." ಅವನಿಗೂ ಎಲ್ಲ ಹೇಳಿದೆ.

ಅವನು ಕೇಳಿಸಿಕೊಂಡು ತಲೆ ಕೆರೆದುಕೊಂಡ. ಡಬ್ಬಿಯ ಜೊತೆ ಆಗಬೇಕಿದ್ದ ಜಗಳ ಕೈತಪ್ಪಿತು ಎಂಬ ಬೇಸರ ಮುಖದ ಮೇಲೆ ಸ್ಪಷ್ಟವಾಗಿತ್ತು. "ಆದ್ರೂ ಅಸಲಿ ಅಸಲೀನೇ," ಎಂದ.

"ಇರಬಹುದು. ಹತ್ತು ದಿನ ಇದ್ದಿದ್ರೆ ಅದನ್ನೇ ಹಾಕಿಸ್ತಿದ್ದೆ. ಇರೋದು ನಾಲ್ಕು ದಿನ. ಇದು ಹಿಡಿಯುತ್ತೋ ಇಲ್ವೋ ಅಷ್ಟು ಹೇಳು. ನಂಬಿಕೆ ಮಾತು ಬೇಡ, ನೋಡಿ ಹೇಳು."

ಹೀಗೆ ಕೇಳಿದರೆ ಅವನು ಸುಳ್ಳು ಹೇಳಲಾರ. ಡಬ್ಬಿ ಒಡೆದು ನಾಲ್ಕೂ ಬಿಲ್ಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಅಂಚಿನಲ್ಲಿ ಒತ್ತಿದ್ದ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ, ಅಸಲಿ ಪ್ಯಾಡಿನ ಅಕ್ಷರಗಳ ಪಕ್ಕದಲ್ಲಿ ಬರೆದುಕೊಂಡ. ದಪ್ಪ ಅಳೆದ. ಹಿಂದಿನ ಕಬ್ಬಿಣದ ತಗಡಿಗೂ ಬಿಲ್ಲೆಗೂ ನಡುವೆ ಬ್ಲೇಡು ತೂರುತ್ತದೆಯೇ ಎಂದು ನೋಡಿದ, ತೂರಲಿಲ್ಲ. ಒಂದರ ಮೂಲೆ ತುಸು ಒರಟಾಗಿತ್ತು, ಅರದಿಂದ ಉಜ್ಜಿ ಸರಿಮಾಡಿದ. ಚಕ್ರದ ತಟ್ಟೆಯ ಮೇಲಿನ ಹೊಳಪನ್ನೂ ಮರಳುಕಾಗದ ಹಿಡಿದು ತೆಗೆದ. ಒಂದು ಗಂಟೆ ಹಿಡಿಯಿತು.

"ಕೂರೋದು ಅಸಲಿಯಷ್ಟು ನುಣ್ಣಗೆ ಕೂರಲ್ಲ. ಸ್ವಲ್ಪ ಕಿರುಗುಟ್ಟುತ್ತೆ, ಬೇಗ ಸವೀಬಹುದು," ಎಂದ. "ಹಿಡಿಯೋದು ಹಿಡಿಯುತ್ತೆ." ಇಷ್ಟು ಹೇಳುವುದಕ್ಕೆ ಅವನಿಗೆ ಎಷ್ಟು ಕಷ್ಟವಾಯಿತು ಎಂದು ನನಗೆ ಗೊತ್ತು. ತಾನೇ ಕೂರಿಸಿದ. ಆಮೇಲೆ ತನ್ನ ಕೈಯ ಮೇಲೆ ತನಗೇ ಅನುಮಾನ ಬಂದಾಗಲೆಲ್ಲ ಮಾಡುವ ಹಾಗೆ ನನ್ನ ಪಕ್ಕದ ಸೀಟಿನಲ್ಲಿ ಕೂತು, ನಾನು ಪಳಗಿಸುವ ಮೂವತ್ತು ಸಲವೂ ಜೊತೆಗೆ ಬಂದ.

ಬುಧವಾರ ಬೆಳಿಗ್ಗೆ ಗೋದಾಮಿನ ಅಂಗಳದಲ್ಲಿ ನಾನು ಶೂ ಬಿಚ್ಚಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಐವತ್ತು ದಾಟಿದ ಮಂಡಿ ಕಟಕಟ ಎಂದಿತು. ಬೇಕರಿಯವಳು ನನ್ನ ಎರಡೂ ಪಾದಗಳನ್ನು ನೋಡಿ ಖಾತ್ರಿ ಮಾಡಿಕೊಂಡು ಕಾರು ಹೊರಡಿಸಿದಳು. ಗೆರೆ ಬಂತು, ಒತ್ತಿದಳು. ಕಾರು ಗೆರೆಯನ್ನು ದಾಟಿ ಒಂದು ಕಾರಿನಷ್ಟು ಮುಂದೆ ಹೋಗಿ ನಿಂತಿತು.

"ನೋಡಿದ್ರಾ," ಎಂದಳು. "ಏನೂ ಬರಲ್ಲ ನನಗೆ."

"ಇವತ್ತು ಮೊದಲನೇ ದಿನ," ಎಂದೆ. "ಇಷ್ಟು ದಿನ ನಾನು ಓಡಿಸಿದ್ದು. ಮತ್ತೆ ಹೋಗಿ."

ಎರಡನೇ ಸಲ ಭಯಕ್ಕೆ ಗಕ್ಕನೆ ತುಳಿದಳು, ಗೆರೆಗೆ ಇನ್ನೂ ಮೂರು ಮಾರು ಇರುವಾಗಲೇ ನಿಂತು ನನ್ನ ತಲೆ ಮುಂದಕ್ಕೆ ಹೋಯಿತು. ಮೂರನೇ ಸಲ ಮತ್ತೆ ದಾಟಿತು. ಪ್ರತಿ ಸಲವೂ ನನ್ನ ಬಲಗಾಲಿನ ಬೆರಳುಗಳು ತಾವಾಗಿಯೇ ಕೆಳಕ್ಕೆ ಬಾಗುತ್ತಿದ್ದವು, ನಾನು ಕೈಯಿಂದ ಹಿಡಿದುಕೊಳ್ಳುತ್ತಿದ್ದೆ. ಹೆದರಿಕೆ ಆಗುತ್ತಿತ್ತು. ಖಾಲಿ ಅಂಗಳ, ಎದುರಿಗೆ ನರಪಿಳ್ಳೆಯಿಲ್ಲ ಎಂದು ಗೊತ್ತಿದ್ದರೂ ಆಗುತ್ತಿತ್ತು. ಹನ್ನೊಂದು ವರ್ಷದ ಹೆದರಿಕೆ ಒಂದು ಬೆಳಿಗ್ಗೆಗೆ ಇಳಿಯುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳು ಒಂದು ಕಡೆ ಕಾರು ನಿಲ್ಲಿಸಿ, ತಾನೂ ಚಪ್ಪಲಿ ಬಿಚ್ಚಿ ಹಿಂದಿನ ಸೀಟಿಗೆ ಎಸೆದಳು. ಬರಿಗಾಲಿನಿಂದ ಪೆಡಲನ್ನು ಮೆಲ್ಲಗೆ ಒತ್ತಿ ಒತ್ತಿ ನೋಡಿದಳು. "ಹಿಟ್ಟು ಹದಕ್ಕೆ ಬಂದಿದ್ದು ಕೈಗೆ ಗೊತ್ತಾಗುತ್ತಲ್ಲ, ಆ ಥರ," ಎಂದಳು. "ಮೊದಲು ಮೆತ್ತಗೆ ಇರುತ್ತೆ, ಆಮೇಲೆ ಹಿಡಿಯುತ್ತೆ. ಹಿಡಿಯೋ ಜಾಗ ಗೊತ್ತಾದ್ರೆ ಸಾಕು." ನಾನು ಇಪ್ಪತ್ತೆರಡು ವರ್ಷದಲ್ಲಿ ಯಾರಿಗೂ ಬ್ರೇಕನ್ನು ಇಷ್ಟು ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಹಿಡಿಯುವ ಜಾಗ ಯಾರಿಗೂ ಸಿಗದ ಹಾಗೆ ಅದರ ಮೇಲೆ ನಾನೇ ಕಾಲಿಟ್ಟುಕೊಂಡು ಕೂತಿದ್ದೆ.

ಸಂಜೆಗೆ ಹತ್ತರಲ್ಲಿ ನಾಲ್ಕು ಸಲ ಗೆರೆಯ ಈಚೆ ನಿಂತಳು. ಗುರುವಾರ ಏಳು. ಶುಕ್ರವಾರ ಚಪ್ಪಲಿ ಹಾಕಿಕೊಂಡು ಮತ್ತೆ ಮೊದಲಿಂದ. ಹತ್ತಕ್ಕೆ ಒಂಬತ್ತು ಬಂತು. ಪ್ಯಾಡು ಅಣ್ಣ ಹೇಳಿದ ಹಾಗೆ ಕಿರುಗುಟ್ಟುತ್ತಿತ್ತು. ಗೋಡೆಯ ಮೇಲಿಂದ ಅವಳ ಗಂಡ ಪ್ರತಿ ಸಲವೂ ಕೂಗಿ ಹೇಳುತ್ತಿದ್ದ, "ಆರಿತು," "ಹತ್ತಿತು," "ಆರಿತು." ಅವನ ಅರ್ಧ ಕಣ್ಣು ನಮ್ಮ ನಾಲ್ಕು ಕಣ್ಣಿಗಿಂತ ಚೆನ್ನಾಗಿ ಕೆಲಸ ಮಾಡಿತು.

ಶನಿವಾರ ನಾನು ಮತ್ತೆ ಬೇಲಿ ಹಿಡಿದು ನಿಂತೆ. ಅಣ್ಣ ಶೆಡ್ಡಿಗೆ ಬೀಗ ಹಾಕಿ ಬಂದು ನನ್ನ ಪಕ್ಕ ನಿಂತಿದ್ದ. ತಂಗಿಗಾಗಿ ಬಂದನೋ, ತಾನು ಕೂರಿಸಿದ ಪ್ಯಾಡಿಗಾಗಿ ಬಂದನೋ ಹೇಳಲಿಲ್ಲ. ಇನ್‌ಸ್ಪೆಕ್ಟರು ಕಾಲನ್ನು ಹಿಂದಕ್ಕೆಳೆದುಕೊಂಡು ಕೂತರು. ಎಂಟು ಹಾಕಿದಳು. ಹಿಂದಕ್ಕೆ ತಂದಳು. ಕೆಂಪು ದೀಪ ಬೇಕಾದಾಗ ಹತ್ತಿತು, ಬೇಡದಾಗ ಆರಿತು. ಕೊನೆಯ ನೇರ ದಾರಿಗೆ ಬಂದಳು. ದೀಪ ಆರಿಯೇ ಇತ್ತು. ಇನ್ನು ಒತ್ತಬೇಕು ಎಂದು ನನಗನ್ನಿಸಿತು, ಅವಳು ಒತ್ತಲಿಲ್ಲ. ಈಗ ಎಂದುಕೊಂಡೆ, ಇನ್ನೂ ಒತ್ತಲಿಲ್ಲ. ಆಮೇಲೆ ದೀಪ ಹತ್ತಿತು, ಕಿರ್ ಎಂದು ಸಣ್ಣಗೆ ಸದ್ದಾಯಿತು, ಕಾರು ಗೆರೆಯಿಂದ ಒಂದು ಗೇಣು ಈಚೆ ನಿಂತಿತು.

ಕೆಳಗೆ ನೋಡಿದರೆ ನನ್ನ ಬಲಗಾಲು ಬೇಲಿಯ ಬುಡದ ಜಲ್ಲಿಯೊಳಗೆ ಎರಡು ಬೆರಳಿನಷ್ಟು ಆಳಕ್ಕೆ ಇಳಿದಿತ್ತು. ಅಣ್ಣನೂ ನೋಡಿದ. ನನ್ನ ತೋಳು ಹಿಡಿದು ಕಾಲನ್ನು ಎಬ್ಬಿಸಿದ.

ಅವಳು ಹಾಳೆ ಹಿಡಿದುಕೊಂಡು ಬಂದಳು. ನನ್ನ ಹತ್ತಿರ ನಿಂತು, "ಇವತ್ತೂ ಪೆಡಲ್ ಮೇಲೇ ಇತ್ತು ಟೀಚರ್," ಎಂದಳು. ಅಷ್ಟೇ ಹೇಳಿದ್ದು. ಸೋಮವಾರ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ಬೇಕರಿಯ ವ್ಯಾನು ನಮ್ಮ ಮನೆಯ ಮುಂದೆ ಹೋಯಿತು, ಪಕ್ಕದಲ್ಲಿ ಗಂಡ ಬ್ರೆಡ್ಡಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ತಿರುವಿನವರೆಗೂ ನಿಂತು ಅದರ ಹಿಂದಿನ ದೀಪ ನೋಡಿದೆ.

ಅವತ್ತೇ ಅಣ್ಣನ ಶೆಡ್ಡಿಗೆ ಹೋದೆ. ಗೋಡೆಯ ಮೇಲೆ ಬೇರೆ ಕಂಪನಿಯ ಪ್ಯಾಡಿನ ಪಕ್ಕದಲ್ಲಿ ಅವನು ಅಸಲಿಯನ್ನೂ ನೇತುಹಾಕಿದ್ದ. ಎರಡೂ ಒಂದೇ ಥರ ಹೊಳೆಯುತ್ತಿದ್ದವು. ಅಸಲಿಯ ಕೆಳಗೆ ಚೀಟಿ ಇರಲಿಲ್ಲ, ಏನು ಬರೆಯಬೇಕೆಂದು ಅವನಿಗೆ ತೋಚಿರಲಿಲ್ಲ. ನಾನು ಮೊದಲನೆಯದರ ಚೀಟಿಯನ್ನು ಕಿತ್ತು ಹಾಕಿದೆ. ಚೀಲದಿಂದ ನನ್ನ ಬಲಗಾಲಿನ ಶೂ ತೆಗೆದು, ಎರಡರ ನಡುವೆ ಮೊಳೆ ಹೊಡೆದು, ಅಟ್ಟೆ ಹೊರಗೆ ಕಾಣುವ ಹಾಗೆ ನೇತುಹಾಕಿದೆ. ಅಣ್ಣ ರಟ್ಟು, ಪೆನ್ನು ತಂದುಕೊಟ್ಟ. ಅವನ ಅಕ್ಷರಕ್ಕಿಂತ ದೊಡ್ಡದಾಗಿ ನಾನೇ ಬರೆದೆ.

'ಇದು ತಿಂದದ್ದು: ಎರಡು ಜೊತೆ ಬ್ರೇಕ್ ಪ್ಯಾಡ್, ಒಬ್ಬಳ ಎರಡು ಪರೀಕ್ಷೆ. ಇನ್ನೂ ಎಷ್ಟು ಜನರದೋ ಗೊತ್ತಿಲ್ಲ.'

ಅಣ್ಣ ಓದಿ, ಕೆಳಗೆ ಹೆಸರು ಬೇಡ ಬಿಡು ಎಂದ. ನಾನು ಪೆನ್ನು ವಾಪಸು ಕೊಡದೆ ನನ್ನ ಹೆಸರನ್ನೂ, ಅದರ ಕೆಳಗೆ ಶಾಲೆಯ ಹೆಸರನ್ನೂ ಬರೆದೆ. ಬೆಂಚಿನ ಮೇಲೆ ಕಾಯುತ್ತಿದ್ದ ಗಿರಾಕಿಯೊಬ್ಬ ಎದ್ದು ಹತ್ತಿರ ಬಂದು ಓದತೊಡಗಿದ. ಅವನು ಪೂರ್ತಿ ಓದಿ ಮುಗಿಸುವ ತನಕ ನಾನು ಅಲ್ಲೇ ನಿಂತಿದ್ದೆ.